ಕೇಳಿದಂತೆ ನಡೆದ ಮರುಭೂಮಿಯ ಸಂತ ಅಂತೋಣಿ

ಕಳೆದ ಭಾನುವಾರದ ಪೂಜೆಯಲ್ಲಿ ಓದಿದ ಶುಭಸಂದೇಶ ಯಾವುದೆಂದು ನಿಮಗೆ ನೆನಪಿದೆಯೇ? ನೆನಪಿಲ್ಲದಿದ್ದರೆ ನಾಚಿಕೊಳ್ಳಬೇಡಿ. ದೇವಾಲಯದ ಮೆಟ್ಟಿಲು ಇಳಿಯುವಷ್ಟರಲ್ಲೇ ಮರೆತುಬಿಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ವಾಚನಗಳಿಗೆ ಕುಳಿತುಕೊಳ್ಳುತ್ತೇವೆ, ಶುಭಸಂದೇಶಕ್ಕೆ ಎದ್ದು ನಿಲ್ಲುತ್ತೇವೆ, ಹಣೆ, ತುಟಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತೇವೆ. ಅಲ್ಲಿಂದ ಮುಂದೆ ಮನೆಯ ಅಡಿಗೆ, ಮಕ್ಕಳ ಪರೀಕ್ಷೆ, ಪೇಟೆಯ ಸಾಮಾನು. ಸುಮಾರು 1750 ವರ್ಷಗಳ ಹಿಂದೆ ಈಜಿಪ್ಟ್ ದೇಶದ ಒಂದು ಹಳ್ಳಿಯಲ್ಲಿ ಹದಿನೆಂಟು ಇಪ್ಪತ್ತರ ಯುವಕನೊಬ್ಬ ನಮ್ಮ ಹಾಗೆಯೇ ದೇವಾಲಯಕ್ಕೆ ಹೋದ. ಅಲ್ಲಿ ಒಂದು ವಾಕ್ಯ ಕೇಳಿದ. ಹೊರಗೆ ಬಂದವನೇ ಅದರಂತೆ ಮಾಡಿದ. ಅವನ ಮುಂದಿನ ಎಂಬತ್ತೈದು ವರ್ಷಗಳ ಬಾಳೆಲ್ಲ ಆ ಒಂದು ಬೆಳಿಗ್ಗೆಯಿಂದ ಹುಟ್ಟಿದ್ದು.

ಅವರೇ ಸಂತ ಅಂತೋಣಿ. ಅಂತೋಣಿ ಎಂದೊಡನೆ ನಮ್ಮವರ ಮನಸ್ಸು ನೇರವಾಗಿ ಡೋರನಹಳ್ಳಿಗೆ ಓಡುತ್ತದೆ; ಬಾಲಯೇಸುವನ್ನು ಎತ್ತಿಕೊಂಡ ಪದುವಾದ ಸಂತರು, ಮಂಗಳವಾರದ ನೊವೇನ, ಜೂನ್ 13ರ ಹಬ್ಬ ಕಣ್ಣ ಮುಂದೆ ಬರುತ್ತವೆ. ನಾನು ಹೇಳುತ್ತಿರುವುದು ಅವರಿಗಿಂತ ಸುಮಾರು 950 ವರ್ಷ ಹಿರಿಯರಾದ, ಜನವರಿ 17ರಂದು ಧರ್ಮಸಭೆ ಸ್ಮರಿಸುವ ಅಂತೋಣಿಯವರ ಬಗ್ಗೆ. ಇಬ್ಬರಿಗೂ ನಂಟಿದೆ. ಪದುವಾದ ಸಂತರ ದೀಕ್ಷಾಸ್ನಾನದ ಹೆಸರು ಫೆರ್ನಾಂದೊ. 1220ರಲ್ಲಿ ಅವರು ಪೋರ್ಚುಗಲ್‌ನ ಕೊಯಿಂಬ್ರಾದ ಬಳಿ ಫ್ರಾನ್ಸಿಸ್ಕನ್ ಸಹೋದರರ ಪುಟ್ಟ ಆಶ್ರಮವನ್ನು ಸೇರಿದಾಗ, ಅಲ್ಲಿನ ಪ್ರಾರ್ಥನಾಲಯ ಈ ಮರುಭೂಮಿಯ ಸಂತರಿಗೆ ಅರ್ಪಿತವಾಗಿತ್ತು. ಅವರ ಹೆಸರನ್ನೇ ಫೆರ್ನಾಂದೊ ತಮ್ಮದಾಗಿ ಮಾಡಿಕೊಂಡರು. ಹೀಗೆ ನಿಮ್ಮ ಮನೆಯಲ್ಲಿ ಅಂತೋಣಿಯೋ ಅಂತೋಣಿಸ್ವಾಮಿಯೋ ಇದ್ದರೆ, ಆ ಹೆಸರಿನ ಬೇರು ಈಜಿಪ್ಟಿನ ಮರಳಿನಲ್ಲಿದೆ.

ಅವರ ಕಥೆಯನ್ನು ನಮಗೆ ಉಳಿಸಿಕೊಟ್ಟವರು ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷರಾಗಿದ್ದ ಸಂತ ಅಥನಾಸಿಯಸ್. ಅವರು ಅಂತೋಣಿಯವರನ್ನು ಕಣ್ಣಾರೆ ಕಂಡವರು. ಸಂತರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಅವರ ಜೀವನಚರಿತ್ರೆಯನ್ನು ಗ್ರೀಕ್ ಭಾಷೆಯಲ್ಲಿ ಬರೆದರು. ಅದರಲ್ಲಿ ಸೈತಾನನ ಕಾಟ, ಪವಾಡ, ದರ್ಶನಗಳ ಭಾಗವೇ ಜನರಿಗೆ ಹೆಚ್ಚು ಪರಿಚಿತ. ಚಿತ್ರಕಾರರೂ ಅದನ್ನೇ ಬಿಡಿಸಿದರು. ನನಗೆ ಆ ಪುಸ್ತಕದಲ್ಲಿ ಹಿಡಿಸಿದ್ದು ಬೇರೆ. ಈ ಮನುಷ್ಯ ಬೈಬಲಿನ ಒಂದು ಮಾತು ಕೇಳಿದರೆ ಅದನ್ನು ಮಾಡಿಯೇ ಮುಂದಿನ ಮಾತಿಗೆ ಹೋಗುತ್ತಿದ್ದರು.

ಅಂತೋಣಿ ಹುಟ್ಟಿದ್ದು ಸುಮಾರು 251ರಲ್ಲಿ, ಮಧ್ಯ ಈಜಿಪ್ಟಿನ ಕೋಮಾ ಎಂಬ ಹಳ್ಳಿಯಲ್ಲಿ. ತಂದೆತಾಯಿ ಕ್ರೈಸ್ತರು, ಸ್ಥಿತಿವಂತರು. ಹುಡುಗ ಬೇರೆ ಮಕ್ಕಳೊಡನೆ ಶಾಲೆಗೆ ಹೋಗಲು ಒಪ್ಪಲಿಲ್ಲ. ಮನೆಯಲ್ಲೇ ಇರುತ್ತಿದ್ದ, ತಂದೆತಾಯಿಯ ಜೊತೆ ದೇವಾಲಯಕ್ಕೆ ಹೋಗುತ್ತಿದ್ದ, ಓದಿದ್ದನ್ನು ಕಿವಿಗೊಟ್ಟು ಕೇಳುತ್ತಿದ್ದ. ಓದು ಬರಹ ಕಲಿಯಲಿಲ್ಲ, ನೆನಪೇ ಅವರಿಗೆ ಪುಸ್ತಕವಾಗಿತ್ತು ಎಂದು ಅಥನಾಸಿಯಸ್ ಬರೆಯುತ್ತಾರೆ. ಅಂತೋಣಿಯವರ ಹೆಸರಿನಲ್ಲಿ ಏಳು ಪತ್ರಗಳು ಉಳಿದು ಬಂದಿರುವುದರಿಂದ, ಅವರು ನಾವು ಎಣಿಸಿದಷ್ಟು ಓದು ಬಾರದವರಲ್ಲ ಎಂದು ಇಂದಿನ ಕೆಲವು ಪಂಡಿತರು ಹೇಳುತ್ತಾರೆ. ಅದು ಹೇಗೂ ಇರಲಿ. ಅವರಿಗೆ ದೇವರ ವಾಕ್ಯ ಬಂದದ್ದು ಹೆಚ್ಚಾಗಿ ಕಿವಿಯ ಮೂಲಕ. ನಮ್ಮ ಅಜ್ಜಿಯರಿಗೂ ಹಾಗೆಯೇ ಬಂದದ್ದಲ್ಲವೇ?

ಅಂತೋಣಿಗೆ ಹದಿನೆಂಟೋ ಇಪ್ಪತ್ತೋ ಆಗಿದ್ದಾಗ ತಂದೆತಾಯಿ ಇಬ್ಬರೂ ತೀರಿಕೊಂಡರು. ಉಳಿದದ್ದು ಒಬ್ಬಳು ಪುಟ್ಟ ತಂಗಿ, ಮನೆ, ಮತ್ತು ಆಸ್ತಿ. ಆಸ್ತಿ ಎಂದರೆ ಅಲ್ಪಸ್ವಲ್ಪವಲ್ಲ. ಆ ದೇಶದ ಅಳತೆಯಲ್ಲಿ 300 ಅರೂರ, ನಮ್ಮ ಲೆಕ್ಕದಲ್ಲಿ ಸುಮಾರು 200 ಎಕರೆ. ಅದೂ ಒಳ್ಳೆಯ ಫಲವತ್ತಾದ ಭೂಮಿ. ತಂದೆತಾಯಿ ಸತ್ತು ಆರು ತಿಂಗಳೂ ಆಗಿರಲಿಲ್ಲ. ಒಂದು ದಿನ ದೇವಾಲಯದ ದಾರಿಯಲ್ಲಿ ಯುವಕ ಯೋಚಿಸುತ್ತಾ ನಡೆಯುತ್ತಿದ್ದ: ಪ್ರೇಷಿತರು ಎಲ್ಲವನ್ನೂ ಬಿಟ್ಟು ಯೇಸುಸ್ವಾಮಿಯ ಹಿಂದೆ ಹೋದರು; ಆದಿ ಕ್ರೈಸ್ತರು ತಮ್ಮ ಹೊಲಮನೆ ಮಾರಿ ಹಣವನ್ನು ಪ್ರೇಷಿತರ ಪಾದದ ಬಳಿ ಇಟ್ಟರು; ಅವರಿಗೆ ಪರಲೋಕದಲ್ಲಿ ಎಂಥ ಭರವಸೆ ಕಾದಿರಬೇಕು! ಒಳಗೆ ಕಾಲಿಟ್ಟಾಗ ಸಂತ ಮತ್ತಾಯರ ಶುಭಸಂದೇಶದ 19ನೇ ಅಧ್ಯಾಯವನ್ನು ಓದುತ್ತಿದ್ದರು. ಪರಿಪೂರ್ಣನಾಗಬೇಕೆಂದಿದ್ದರೆ ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ತಮ್ಮನ್ನು ಹಿಂಬಾಲಿಸಬೇಕೆಂದು ಯೇಸುಸ್ವಾಮಿ ಸಿರಿವಂತ ಯುವಕನಿಗೆ ಹೇಳುವ ಭಾಗ. ಶುಭಸಂದೇಶದ ಆ ಯುವಕ ಮುಖ ಬಾಡಿಸಿಕೊಂಡು ಹಿಂದಿರುಗಿದ. ಕೋಮಾದ ಯುವಕನಿಗೆ ಮಾತ್ರ ಆ ವಾಕ್ಯವನ್ನು ತನಗಾಗಿಯೇ, ತನ್ನನ್ನು ನೋಡಿಯೇ ಓದಿದಂತೆ ತೋರಿತು.

ಗುರುಮಠದಲ್ಲಿ ದೈವಶಾಸ್ತ್ರ ಕಲಿಯುವವರಿಗೆ ಈ ವಾಕ್ಯ ಬಂದಾಗ ಅಧ್ಯಾಪಕರು ಒಂದು ವ್ಯತ್ಯಾಸ ಹೇಳಿಕೊಡುತ್ತಾರೆ. ಹತ್ತು ಕಟ್ಟಳೆಗಳು ಎಲ್ಲರಿಗೂ ಆಜ್ಞೆ. ಎಲ್ಲವನ್ನೂ ಮಾರಿಬಿಡುವುದು ಕರೆಯಲ್ಪಟ್ಟವರಿಗೆ ಕೊಡುವ ಸಲಹೆ. ಇದು ಧರ್ಮಸಭೆಯ ಸರಿಯಾದ ಬೋಧನೆ. ಹೆಂಡತಿ ಮಕ್ಕಳಿರುವವನು ಮನೆ ಮಾರಿ ಹೊರಟರೆ ಅದು ಪುಣ್ಯವಲ್ಲ, ಕರ್ತವ್ಯ ತಪ್ಪಿದಂತೆ. ಆದರೆ ಈ ವ್ಯತ್ಯಾಸವನ್ನು ನಾವು ಮಳೆಗೆ ಕೊಡೆ ಹಿಡಿದಂತೆ ಹಿಡಿಯುವುದೂ ಉಂಟು. ಶುಭಸಂದೇಶದ ಯಾವ ಹನಿಯೂ ಮೈಮೇಲೆ ಬೀಳಬಾರದು! ಎಲ್ಲವೂ ಸನ್ಯಾಸಿಗಳಿಗೆ, ಎಲ್ಲವೂ ಆ ಕಾಲಕ್ಕೆ, ಎಲ್ಲವೂ ಪಕ್ಕದ ಮನೆಯವರಿಗೆ. ಅಂತೋಣಿಯವರು ಕೊಡೆ ಹಿಡಿಯಲಿಲ್ಲ ಅಷ್ಟೆ.

ದೇವಾಲಯದಿಂದ ಹೊರಬಂದ ಕೂಡಲೇ ಆ 200 ಎಕರೆಯನ್ನು ಹಳ್ಳಿಯವರಿಗೆ ಹಂಚಿಬಿಟ್ಟರು. ಮುಂದೆ ಆ ಭೂಮಿಯ ಕಾರಣದಿಂದ ತಮಗಾಗಲಿ ತಂಗಿಗಾಗಲಿ ಯಾವ ತಂಟೆಯೂ ಬರಬಾರದೆಂಬುದು ಅವರ ಎಣಿಕೆ. ಈ ಸಣ್ಣ ವಿವರವನ್ನು ಓದಿದಾಗ ನನಗೆ ನಮ್ಮ ಧರ್ಮಕೇಂದ್ರಗಳ ನೆನಪಾಗುತ್ತದೆ. ತಂದೆಯ ತಿಂಗಳ ಪೂಜೆ ಮುಗಿಯುವ ಮೊದಲೇ ಮಕ್ಕಳು ಸರ್ವೆ ಕಲ್ಲಿಗಾಗಿ ಜಗಳಕ್ಕೆ ನಿಲ್ಲುವುದನ್ನು, ಅಕ್ಕತಂಗಿಯರ ಪಾಲಿನ ಮಾತು ಬಂದರೆ ಅಣ್ಣತಮ್ಮಂದಿರು ಒಂದಾಗಿಬಿಡುವುದನ್ನು ನೋಡದ ಗುರುಗಳು ಯಾರಿದ್ದಾರೆ? ಮನೆಯ ಉಳಿದ ಸಾಮಾನುಗಳನ್ನೂ ಅಂತೋಣಿಯವರು ಮಾರಿದರು. ಬಂದ ದೊಡ್ಡ ಮೊತ್ತವನ್ನು ಬಡವರಿಗೆ ಕೊಟ್ಟರು. ತಂಗಿಗೆಂದು ಸ್ವಲ್ಪ ಹಣವನ್ನು ಮಾತ್ರ ಉಳಿಸಿಕೊಂಡರು.

ಇಲ್ಲಿ ಕಥೆ ನಿಂತಿದ್ದರೆ ನಮಗೆಲ್ಲ ಸಮಾಧಾನವಾಗುತ್ತಿತ್ತು. ಆದರೆ ಇನ್ನೊಂದು ದಿನ ಅವರು ದೇವಾಲಯಕ್ಕೆ ಹೋದಾಗ, ನಾಳೆಯ ಚಿಂತೆ ಮಾಡಬೇಡಿರೆಂದು ಪ್ರಭು ಹೇಳುವ ಭಾಗವನ್ನು ಓದುತ್ತಿದ್ದರು. ಅಂತೋಣಿಯವರಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ. ಹೊರಗೆ ಹೋಗಿ ಉಳಿದಿದ್ದ ಆ ಸ್ವಲ್ಪವನ್ನೂ ಬಡವರಿಗೆ ಕೊಟ್ಟರು. ತಂಗಿಯನ್ನು, ದೇವರಿಗೆ ಬಾಳನ್ನು ಮುಡಿಪಾಗಿಟ್ಟಿದ್ದ ಕನ್ಯೆಯರ ಕೈಗೆ ಒಪ್ಪಿಸಿದರು. ಅವರು ಅಂತೋಣಿಯವರಿಗೆ ಪರಿಚಯವಿದ್ದವರು, ನಂಬಿಕಸ್ಥರು ಎಂದು ಅಥನಾಸಿಯಸ್ ಮರೆಯದೆ ಬರೆಯುತ್ತಾರೆ.

ತಾಯಂದಿರು ಈ ಭಾಗ ಓದಿ ಮುಖ ಸಿಂಡರಿಸಿದರೆ ನನಗೆ ಆಶ್ಚರ್ಯವಿಲ್ಲ. ತಂದೆತಾಯಿ ಇಲ್ಲದ ಹೆಣ್ಣುಮಗುವಿನ ಪಾಲಿನ ಹಣವನ್ನು ದಾನ ಮಾಡುವುದು ಯಾವ ಧರ್ಮ? ದೇವರ ಮಾತು ಪಾಲಿಸುವವನು ಮನೆಯವರನ್ನು ಬೀದಿಗೆ ಹಾಕಬೇಕೇ? ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಸಿದ್ಧ ಉತ್ತರ ಕೊಟ್ಟು ಬಾಯಿ ಮುಚ್ಚಿಸುವುದು ನನಗೆ ಇಷ್ಟವಿಲ್ಲ. ಎರಡು ವಿಷಯಗಳನ್ನು ಮಾತ್ರ ನೋಡಿ. ಒಂದು, ಅವರು ತಂಗಿಗೆ ಮೊದಲು ನೆಲೆ ಕಲ್ಪಿಸಿ ಆಮೇಲೆ ತಮ್ಮ ದಾರಿ ಹಿಡಿದರು. ಹಣದ ಬದಲು ಆಕೆಗೆ ಮನುಷ್ಯರನ್ನು ಕೊಟ್ಟರು. ಇನ್ನೊಂದು, ಸೈತಾನನಿಗೂ ಈ ಪ್ರಶ್ನೆ ಹೊಳೆಯಿತು! ಅಂತೋಣಿಯವರಿಗೆ ಬಂದ ಮೊಟ್ಟಮೊದಲ ಶೋಧನೆ ಹೆಣ್ಣಿನ ರೂಪದಲ್ಲಾಗಲಿ ಮೃಗದ ರೂಪದಲ್ಲಾಗಲಿ ಬರಲಿಲ್ಲ. ಬಿಟ್ಟುಬಂದ ಆಸ್ತಿಯ ನೆನಪಾಗಿ, ತಂಗಿಯ ಚಿಂತೆಯಾಗಿ, ನೆಂಟರಿಷ್ಟರ ಪ್ರೀತಿಯಾಗಿ ಬಂತು. ಹಣದ ಆಸೆ, ಹೆಸರಿನ ಆಸೆ, ಬಗೆಬಗೆಯ ಊಟದ ಆಸೆ ಅದರ ಬೆನ್ನಿಗೇ ಬಂದವು. ದೇಹ ದುರ್ಬಲ, ದಾರಿ ಉದ್ದ ಎಂಬ ಅಂಜಿಕೆಯೂ ಬಂತು.

ಗಮನಿಸಿ, ಇವೆಲ್ಲ ಬಂದದ್ದು ವಾಕ್ಯವನ್ನು ಪಾಲಿಸಿದ ಮೇಲೆ. ದೇವರ ಮಾತಿನಂತೆ ನಡೆದರೆ ಮನಸ್ಸಿಗೆ ಶಾಂತಿ, ಮನೆಗೆ ಸಮೃದ್ಧಿ, ಎಲ್ಲ ಕಷ್ಟಕ್ಕೂ ಕೊನೆ ಎಂದು ಸಾರುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ವಿಜಯದ ಬಾಳು ಎಂಬ ಮಾತನ್ನೂ ಅವರು ಧಾರಾಳವಾಗಿ ಬಳಸುತ್ತಾರೆ. ಅಂತೋಣಿಯವರ ಬಾಳಿನಲ್ಲಿ ಯುದ್ಧ ಶುರುವಾದದ್ದೇ ವಿಧೇಯರಾದ ದಿನ. ಅದಕ್ಕೆ ಮುಂಚೆ ಸೈತಾನನಿಗೆ ಅವರ ಗೊಡವೆ ಇರಲಿಲ್ಲ.

ಮೊದಲ ವರ್ಷಗಳನ್ನು ಅವರು ಊರ ಹತ್ತಿರವೇ ಕಳೆದರು. ಆಗ ಈಜಿಪ್ಟಿನಲ್ಲಿ ದೊಡ್ಡ ಮಠಗಳಿರಲಿಲ್ಲ. ಪಕ್ಕದ ಹಳ್ಳಿಯಲ್ಲಿ ಯೌವನದಿಂದಲೂ ಒಂಟಿಯಾಗಿ ಪ್ರಾರ್ಥನೆಯಲ್ಲಿ ಬಾಳಿದ ಒಬ್ಬ ಮುದುಕರಿದ್ದರು; ಅವರೇ ಮೊದಲ ಗುರು. ಎಲ್ಲಿ ಯಾರಾದರೂ ಭಕ್ತರಿದ್ದಾರೆಂದು ಕೇಳಿದರೆ ಅಂತೋಣಿಯವರು ಅಲ್ಲಿಗೆ ಹೋಗುತ್ತಿದ್ದರು. ಒಬ್ಬರಿಂದ ಸೌಮ್ಯತೆ, ಇನ್ನೊಬ್ಬರಿಂದ ಜಾಗರಣೆ, ಮತ್ತೊಬ್ಬರಿಂದ ತಾಳ್ಮೆ ಎಂದು ಜೇನುಹುಳದ ಹಾಗೆ ಸಂಗ್ರಹಿಸಿ ಹಿಂದಿರುಗುತ್ತಿದ್ದರು. ದುಡಿಯದವನು ಉಣ್ಣಲೂಬಾರದೆಂದು ಸಂತ ಪೌಲರು ಥೆಸಲೋನಿಕದವರಿಗೆ ಬರೆದದ್ದನ್ನು ಕೇಳಿದ್ದರು; ಆದ್ದರಿಂದ ಕೈಯಾರೆ ದುಡಿದರು. ಬಂದದ್ದರಲ್ಲಿ ಒಂದು ಭಾಗಕ್ಕೆ ರೊಟ್ಟಿ, ಉಳಿದದ್ದು ಬಡವರಿಗೆ. ಎಡೆಬಿಡದೆ ಪ್ರಾರ್ಥಿಸಬೇಕೆಂದು ಕೇಳಿದ್ದರು. ಕೆಲಸ ಮಾಡುತ್ತಲೇ ಪ್ರಾರ್ಥಿಸಿದರು. ಸೂರ್ಯ ಮುಳುಗಿದ ಮೇಲೆ ದಿನಕ್ಕೊಮ್ಮೆ ಊಟ: ರೊಟ್ಟಿ, ಉಪ್ಪು, ನೀರು. ಮಲಗಲು ಒಂದು ಚಾಪೆ, ಹೆಚ್ಚು ದಿನ ಬರೀ ನೆಲ.

ಹಿಂದಿನದನ್ನು ಮರೆತು ಮುಂದಿರುವುದರ ಕಡೆಗೆ ಕೈಚಾಚಬೇಕೆಂದು ಪೌಲರು ಫಿಲಿಪ್ಪಿಯವರಿಗೆ ಬರೆದದ್ದನ್ನೂ ಅವರು ಸದಾ ನೆನೆಯುತ್ತಿದ್ದರು. ಇದರ ಅರ್ಥ ಅವರಿಗೆ ಬಹಳ ಸರಳವಾಗಿತ್ತು. ಎಷ್ಟು ವರ್ಷ ತಪಸ್ಸು ಮಾಡಿದೆ ಎಂದು ಲೆಕ್ಕ ಇಡುತ್ತಿರಲಿಲ್ಲ. ಪ್ರತಿದಿನವೂ ಇಂದೇ ಆರಂಭಿಸಿದೆ ಎಂಬಂತೆ ಏಳುತ್ತಿದ್ದರು. ನಿನ್ನೆ ಗೆದ್ದವನಿಗೆ ಇಂದು ರಿಯಾಯಿತಿ ಇಲ್ಲ, ನಿನ್ನೆ ಬಿದ್ದವನಿಗೆ ಇಂದು ಬಾಗಿಲು ಮುಚ್ಚಿಲ್ಲ. ಕುಡಿತ ಬಿಡಲು ಹೆಣಗುತ್ತಿರುವ ಗಂಡಂದಿರಿಗೆ, ಅವರ ಹೆಂಡತಿಯರಿಗೆ ಈ ಒಂದು ವಿಷಯವನ್ನು ಹೇಳಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ.

ಆಮೇಲೆ ಅವರು ಊರಿನಿಂದ ದೂರದ ಸಮಾಧಿಗಳ ನಡುವೆ ಹೋಗಿ ಒಂದರೊಳಗೆ ಇದ್ದುಬಿಟ್ಟರು. ಗೆಳೆಯನೊಬ್ಬ ಆಗಾಗ ರೊಟ್ಟಿ ತಂದುಕೊಡುತ್ತಿದ್ದ. ಒಂದು ದಿನ ಅವನು ಬಾಗಿಲು ತೆರೆದು ನೋಡಿದರೆ ಅಂತೋಣಿಯವರು ಪೆಟ್ಟು ತಿಂದು ಸತ್ತವರಂತೆ ನೆಲದ ಮೇಲೆ ಬಿದ್ದಿದ್ದರು. ಸೈತಾನನ ಸೈನ್ಯ ರಾತ್ರಿಯೆಲ್ಲ ಅವರನ್ನು ಹೊಡೆದಿತ್ತು. ಗೆಳೆಯ ಅವರನ್ನು ಹೊತ್ತು ಹಳ್ಳಿಯ ದೇವಾಲಯಕ್ಕೆ ತಂದ. ನೆಂಟರು, ಊರವರು ಹೆಣ ಕಾಯುವವರಂತೆ ಸುತ್ತ ಕುಳಿತರು. ನಡುರಾತ್ರಿ ಎಚ್ಚರವಾದಾಗ ಎಲ್ಲರೂ ನಿದ್ದೆ ಹೋಗಿದ್ದರು, ಗೆಳೆಯನೊಬ್ಬ ಮಾತ್ರ ಎದ್ದಿದ್ದ. ಅಂತೋಣಿಯವರು ಸನ್ನೆ ಮಾಡಿ ಅವನನ್ನು ಕರೆದು, ಯಾರನ್ನೂ ಎಬ್ಬಿಸದೆ ತಮ್ಮನ್ನು ಮತ್ತೆ ಸಮಾಧಿಗೇ ಹೊತ್ತುಕೊಂಡು ಹೋಗುವಂತೆ ಕೇಳಿಕೊಂಡರು. ಎದ್ದು ನಿಲ್ಲಲಾಗದೆ ಮಲಗಿದಲ್ಲೇ ಪ್ರಾರ್ಥಿಸಿದರು. ಕ್ರಿಸ್ತರ ಪ್ರೀತಿಯಿಂದ ತಮ್ಮನ್ನು ಯಾವುದೂ ಅಗಲಿಸಲಾರದೆಂದು ಸೈತಾನನಿಗೆ ಸವಾಲು ಹಾಕಿದರು. ಆ ರಾತ್ರಿ ಸಿಂಹ, ಕರಡಿ, ಹಾವು, ಚೇಳುಗಳ ರೂಪದಲ್ಲಿ ಮತ್ತೆ ದಾಳಿ ನಡೆಯಿತು. ಕೊನೆಗೆ ಮಾಡು ತೆರೆದಂತಾಗಿ ಒಂದು ಬೆಳಕು ಇಳಿದು ಬಂತು, ನೋವೆಲ್ಲ ಮಾಯವಾಯಿತು. ಆಗ ಅಂತೋಣಿಯವರು ಪ್ರಭುವನ್ನು ಕೇಳಿದ್ದು ಮನೆಯಲ್ಲಿ ಕಾಯಿಲೆ ಬಿದ್ದವರಿದ್ದರೆ ನೀವೂ ಕೇಳಿರುವ ಪ್ರಶ್ನೆಯನ್ನೇ: ಇಷ್ಟು ಹೊತ್ತು ಎಲ್ಲಿದ್ದಿರಿ, ಮೊದಲೇ ಏಕೆ ಬರಲಿಲ್ಲ? ತಾವು ಅಲ್ಲೇ ಇದ್ದುದಾಗಿಯೂ, ಅವರ ಹೋರಾಟವನ್ನು ನೋಡಲು ಕಾದಿದ್ದುದಾಗಿಯೂ ಪ್ರಭುವಿನ ಉತ್ತರ ಬಂತು. ಆಗ ಅವರಿಗೆ ಸುಮಾರು 35 ವರ್ಷ.

ಮುಂದಿನ ಇಪ್ಪತ್ತು ವರ್ಷಗಳ ಬಗ್ಗೆ ಹೇಳಲು ಹೆಚ್ಚಿಲ್ಲ, ಏಕೆಂದರೆ ಆ ವರ್ಷಗಳಲ್ಲಿ ಅವರನ್ನು ಯಾರೂ ನೋಡಲಿಲ್ಲ. ನೈಲ್ ನದಿಯ ಆಚೆ, ಪಿಸ್ಪಿರ್ ಎಂಬಲ್ಲಿ ಪಾಳುಬಿದ್ದ ಕೋಟೆಯೊಂದರೊಳಗೆ ಬಾಗಿಲು ಹಾಕಿಕೊಂಡು ಕುಳಿತರು. ವರ್ಷಕ್ಕೆ ಎರಡು ಸಲ ರೊಟ್ಟಿಯನ್ನು ಮೇಲಿನಿಂದ ಇಳಿಸುತ್ತಿದ್ದರು. ಸುಮಾರು 305ರಲ್ಲಿ ಗೆಳೆಯರು ಬಾಗಿಲು ಮುರಿದರು. ಮೂಳೆಚಕ್ಕಳವಾದ, ಬುದ್ಧಿ ಕೆಟ್ಟ ಒಬ್ಬ ಮನುಷ್ಯ ಹೊರಬರಬಹುದೆಂದು ಹೆದರಿದವರೂ ಇದ್ದಿರಬಹುದು. ಬಂದವರೋ ದಪ್ಪವೂ ಆಗಿರಲಿಲ್ಲ, ಬಡಕಲೂ ಆಗಿರಲಿಲ್ಲ. ಗುಂಪನ್ನು ಕಂಡು ಗಾಬರಿಪಡಲಿಲ್ಲ, ಹೊಗಳಿಕೆಗೆ ಉಬ್ಬಲಿಲ್ಲ. ಸಮಚಿತ್ತದ ಒಬ್ಬ ಸಾಮಾನ್ಯ ಮನುಷ್ಯ. ನನ್ನ ಮಟ್ಟಿಗೆ ಅವರ ಎಲ್ಲ ಪವಾಡಗಳಿಗಿಂತ ಇದೇ ದೊಡ್ಡದು.

ಆ ಮೇಲೆ ಮರುಭೂಮಿಯಲ್ಲಿ ಜನ ತುಂಬಿದರು. ಅವರನ್ನು ನೋಡಿ ನೂರಾರು ಮಂದಿ ಸನ್ಯಾಸಿಗಳಾದರು. ಅವರಿಗೆಲ್ಲ ಅಂತೋಣಿಯವರು ಕೊಟ್ಟ ದೀರ್ಘ ಪ್ರಬೋಧನೆಯೊಂದನ್ನು ಅಥನಾಸಿಯಸ್ ದಾಖಲಿಸಿದ್ದಾರೆ. ದೆವ್ವಗಳಿಗೆ ಹೆದರಬೇಡಿ ಎಂಬುದು ಅದರ ತಿರುಳು. ಗೆರಸದ ಕಥೆಯನ್ನು ಅವರು ನೆನಪಿಸುತ್ತಾರೆ. ಹಂದಿಗಳ ಮೈಹೊಗಲು ಸಹ ಆ ದೆವ್ವಗಳು ಪ್ರಭುವಿನ ಅಪ್ಪಣೆ ಬೇಡಬೇಕಾಯಿತು, ಹಾಗಿದ್ದ ಮೇಲೆ ದೇವರ ರೂಪದಲ್ಲಿ ಸೃಷ್ಟಿಯಾದ ಮನುಷ್ಯನ ಮೇಲೆ ಅವಕ್ಕೆ ಏನು ಅಧಿಕಾರ? ಮಗುವಿಗೆ ಜ್ವರ ಬಂದರೆ ಮಾಟ ಎಂದು, ಅಂಗಡಿ ನಷ್ಟವಾದರೆ ಯಾರೋ ಮಾಡಿಸಿದ್ದಾರೆ ಎಂದು ಮಂತ್ರವಾದಿಯ ಬಾಗಿಲಿಗೆ ಗುಟ್ಟಾಗಿ ಹೋಗಿಬರುವ ನಮ್ಮ ಕೆಲವು ಭಕ್ತರು ಈ ಭಾಗವನ್ನು ಎರಡು ಸಲ ಓದಬೇಕು. ಅಂತೋಣಿಯವರು ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತಾರೆ: ಸೈತಾನನೂ ಬೈಬಲ್ ಬಲ್ಲ, ಕೀರ್ತನೆಗಳನ್ನೂ ಹಾಡಬಲ್ಲ. ವಾಕ್ಯಗಳನ್ನು ಬಾಯಿಪಾಠ ಒಪ್ಪಿಸುವುದರಲ್ಲಿ ಅವನು ನಮಗಿಂತ ಮುಂದು. ಅದರಂತೆ ನಡೆಯುವುದು ಮಾತ್ರ ಅವನ ಕೈಲಾಗದು.

311ರಲ್ಲಿ ಸಾಮ್ರಾಟ ಮ್ಯಾಕ್ಸಿಮಿನ್ ದಾಯಾನ ಕಾಲದ ಹಿಂಸೆ ಅಲೆಕ್ಸಾಂಡ್ರಿಯದಲ್ಲಿ ಜೋರಾಯಿತು. ಅಲ್ಲಿನ ಧರ್ಮಾಧ್ಯಕ್ಷ ಪೇತ್ರರು ರಕ್ತಸಾಕ್ಷಿಯಾದದ್ದು ಆಗಲೇ. ಅಂತೋಣಿಯವರು ಮರುಭೂಮಿ ಬಿಟ್ಟು ನಗರಕ್ಕೆ ಬಂದು, ಗಣಿಗಳಲ್ಲಿ, ಸೆರೆಮನೆಗಳಲ್ಲಿ ವಿಶ್ವಾಸಕ್ಕಾಗಿ ನರಳುತ್ತಿದ್ದವರ ಸೇವೆಗೆ ನಿಂತರು. ಸನ್ಯಾಸಿಗಳಾರೂ ನ್ಯಾಯಾಲಯದಲ್ಲಿ ಕಾಣಿಸಿಕೊಳ್ಳಬಾರದೆಂದು ನ್ಯಾಯಾಧೀಶ ಆಜ್ಞೆ ಹೊರಡಿಸಿದ. ಉಳಿದವರು ಅಡಗಿಕೊಂಡರು. ಅಂತೋಣಿಯವರು ತಮ್ಮ ಮೇಲುಹೊದಿಕೆಯನ್ನು ಒಗೆದು, ಮರುದಿನ ಅಧಿಕಾರಿಯ ಕಣ್ಣಿಗೆ ಎದ್ದು ಕಾಣುವ ಎತ್ತರದ ಜಾಗದಲ್ಲಿ ನಿಂತರು. ಯಾರೂ ಅವರನ್ನು ಮುಟ್ಟಲಿಲ್ಲ. ರಕ್ತಸಾಕ್ಷಿಯಾಗುವ ಆಸೆ ಈಡೇರಲಿಲ್ಲ ಎಂಬ ಕೊರಗು ಅವರಿಗಿತ್ತು. ಹಿಂಸೆ ನಿಂತ ಮೇಲೆ ಗುಡಿಸಲಿಗೆ ಹಿಂದಿರುಗಿ, ದಿನದಿನದ ಬಾಳಿನಲ್ಲೇ ಆ ಸಾಕ್ಷ್ಯವನ್ನು ನೀಡಿದರು.

ಭೇಟಿಗೆ ಬರುವವರ ಕಾಟ ಹೆಚ್ಚಾದಾಗ ಅರಬ್ಬರ ಒಂದು ತಂಡದ ಜೊತೆ ಮೂರು ಹಗಲು ಮೂರು ರಾತ್ರಿ ನಡೆದು, ಕೆಂಪು ಸಮುದ್ರದ ಕಡೆಯ ಬೆಟ್ಟವೊಂದರ ಬುಡಕ್ಕೆ ಬಂದರು. ಅಲ್ಲಿ ಸಿಹಿನೀರಿನ ಬುಗ್ಗೆ, ನಾಲ್ಕಾರು ಖರ್ಜೂರದ ಮರ. ಇಂದಿಗೂ ಅಲ್ಲಿ ಅವರ ಹೆಸರಿನ ಮಠವಿದೆ, ಕಾಪ್ಟಿಕ್ ಸನ್ಯಾಸಿಗಳು ಬಾಳುತ್ತಿದ್ದಾರೆ. ಶಿಷ್ಯರು ಅಷ್ಟು ದೂರದಿಂದ ರೊಟ್ಟಿ ಹೊತ್ತು ತರುವ ಕಷ್ಟ ನೋಡಲಾರದೆ, ಅವರಿಂದ ಗುದ್ದಲಿ, ಕೊಡಲಿ, ಸ್ವಲ್ಪ ಗೋಧಿ ತರಿಸಿಕೊಂಡು ಬಿತ್ತಿದರು. ಬಳಲಿ ಬರುವವರಿಗಾಗಿ ಒಂದಿಷ್ಟು ತರಕಾರಿಯನ್ನೂ ಬೆಳೆದರು. ನೀರಿಗೆ ಬರುತ್ತಿದ್ದ ಕಾಡುಪ್ರಾಣಿಗಳು ಮಡಿಗಳನ್ನು ತುಳಿದಾಗ, ಒಂದನ್ನು ಮೆಲ್ಲಗೆ ಹಿಡಿದು, ತಾವು ಅವಕ್ಕೆ ಏನೂ ಕೆಡುಕು ಮಾಡಿಲ್ಲವಲ್ಲ, ತಮಗೇಕೆ ಈ ತೊಂದರೆ ಎಂದು ಕೇಳಿ, ದೇವರ ಹೆಸರಿನಲ್ಲಿ ಎಲ್ಲವನ್ನೂ ಕಳುಹಿಸಿಬಿಟ್ಟರಂತೆ. ಬೈದಾಡಿದ ಸುಳಿವಿಲ್ಲ.

ಬಂದವರಿಗೆಲ್ಲ ಅವರು ಹೇಳುತ್ತಿದ್ದ ಒಂದು ಮಾತು ನಮ್ಮ ಮನೆಗಳಿಗೆ ನೇರವಾಗಿ ತಾಕುತ್ತದೆ. ಕೋಪವಿದ್ದಂತೆಯೇ ಸೂರ್ಯ ಮುಳುಗಬಾರದೆಂದು ಪೌಲರು ಎಫೆಸದವರಿಗೆ ಬರೆದದ್ದನ್ನು ಅವರು ಮತ್ತೆಮತ್ತೆ ನೆನಪಿಸುತ್ತಿದ್ದರು. ಅದು ಕೋಪಕ್ಕೆ ಮಾತ್ರವಲ್ಲ, ಎಲ್ಲ ಪಾಪಕ್ಕೂ ಅನ್ವಯಿಸುತ್ತದೆ. ಹಗಲಿನ ತಪ್ಪಿಗೆ ಸೂರ್ಯನೂ ರಾತ್ರಿಯ ತಪ್ಪಿಗೆ ಚಂದ್ರನೂ ನಮ್ಮ ಮೇಲೆ ದೂರು ಹೇಳದಂತೆ ನೋಡಿಕೊಳ್ಳಬೇಕೆಂಬುದು ಅವರ ವಿವರಣೆ. ಅದಕ್ಕೊಂದು ಉಪಾಯವನ್ನೂ ಕಲಿಸಿದರು. ಪ್ರತಿಯೊಬ್ಬರೂ ತಮ್ಮ ದಿನದ ನಡತೆಯನ್ನು ಇನ್ನೊಬ್ಬರಿಗೆ ತೋರಿಸಬೇಕಾದವರಂತೆ ಬರೆದಿಡಬೇಕು. ಬರೆಯಲು ನಾಚಿಕೆಯಾಗುವುದನ್ನು ಮಾಡಲೂ ನಾಚಿಕೆಯಾಗುತ್ತದೆ. ಗಂಡ ಹೆಂಡತಿ ಮಾತು ಬಿಟ್ಟು ಮೂರು ದಿನ, ಅತ್ತೆ ಸೊಸೆ ಮಾತು ಬಿಟ್ಟು ಮೂರು ತಿಂಗಳು, ಅಣ್ಣ ತಮ್ಮ ಮಾತು ಬಿಟ್ಟು ಮೂವತ್ತು ವರ್ಷ. ಇಂಥ ಮನೆಗಳಲ್ಲಿ ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟವೂ ಇರುತ್ತದೆ, ಸಂಜೆ ಜಪಸರವೂ ನಡೆಯುತ್ತದೆ. ಇನ್ನೂರು ಎಕರೆ ದಾನ ಮಾಡುವ ಕರೆ ನಮ್ಮಲ್ಲಿ ಹೆಚ್ಚಿನವರಿಗೆ ಬರಲಾರದು. ಸೂರ್ಯ ಮುಳುಗುವುದು ಮಾತ್ರ ಎಲ್ಲರ ಮನೆಯ ಮೇಲೂ.

ಸಾಮ್ರಾಟ ಕಾನ್‌ಸ್ಟಂಟೈನ್ ಮತ್ತು ಅವನ ಮಕ್ಕಳು ಅವರಿಗೆ ಪತ್ರ ಬರೆದರು. ಶಿಷ್ಯರು ಹಿಗ್ಗಿದರು. ಒಬ್ಬ ಮನುಷ್ಯ ಬರೆದದ್ದಕ್ಕೆ ಬೆರಗಾಗುವುದೇಕೆ, ದೇವರೇ ಮನುಷ್ಯರಿಗೆ ತಮ್ಮ ಕಟ್ಟಳೆಯನ್ನು ಬರೆದುಕೊಟ್ಟು ಸ್ವಂತ ಪುತ್ರನ ಮೂಲಕ ಮಾತನಾಡಿದ್ದಕ್ಕೆ ಬೆರಗಾಗಿ ಎಂದು ಅಂತೋಣಿಯವರು ಅವರನ್ನು ಸುಮ್ಮನಾಗಿಸಿದರು. ಉತ್ತರ ಬರೆಸಲು ಮನಸ್ಸಿರಲಿಲ್ಲ. ಶಿಷ್ಯರ ಒತ್ತಾಯಕ್ಕೆ ಬರೆಸಿದಾಗ ಕ್ರಿಸ್ತರೊಬ್ಬರೇ ನಿಜವಾದ ಅರಸರೆಂದು ನೆನಪಿಸಿ, ಬಡವರ ಬಗ್ಗೆಯೂ ನ್ಯಾಯದ ಬಗ್ಗೆಯೂ ಬುದ್ಧಿ ಹೇಳಿದರು. ಕ್ರಿಸ್ತರು ದೇವರಲ್ಲ, ಸೃಷ್ಟಿಯಾದವರು ಎಂದು ಬೋಧಿಸುತ್ತಿದ್ದ ಆರಿಯುಸ್‌ನ ಪಂಗಡದವರು ಅಂತೋಣಿಯವರೂ ತಮ್ಮ ಕಡೆ ಎಂದು ಸುಳ್ಳು ಹಬ್ಬಿಸಿದಾಗ, 338ರಲ್ಲಿ, ಎಂಬತ್ತು ದಾಟಿದ ಮೇಲೆ, ಮತ್ತೊಮ್ಮೆ ಅಲೆಕ್ಸಾಂಡ್ರಿಯಕ್ಕೆ ಬಂದು ಬಹಿರಂಗವಾಗಿ ಅದನ್ನು ಖಂಡಿಸಿದರು.

ಈಗ ಆ ತಂಗಿಯ ವಿಷಯಕ್ಕೆ ಬರುತ್ತೇನೆ, ಕಾದಿದ್ದೀರೆಂದು ಬಲ್ಲೆ. ಜೀವನಚರಿತ್ರೆ ಆಕೆಯ ಹೆಸರನ್ನು ಹೇಳುವುದಿಲ್ಲ. ಆದರೆ ಬಹಳ ವರ್ಷಗಳ ನಂತರ ಅಂತೋಣಿಯವರು ಒಳಬೆಟ್ಟದಿಂದ ಶಿಷ್ಯರನ್ನು ನೋಡಲು ಇಳಿದು ಬಂದಾಗ, ಆಕೆಯನ್ನು ಮತ್ತೆ ಕಂಡರೆಂದು ಒಂದೇ ಒಂದು ಸಾಲಿನಲ್ಲಿ ಬರೆದಿದೆ. ಪುಟ್ಟ ಹುಡುಗಿಯಾಗಿ ಬಿಟ್ಟುಹೋಗಿದ್ದ ತಂಗಿ ಕನ್ಯಾವ್ರತದಲ್ಲೇ ಮುದುಕಿಯಾಗಿದ್ದಳು. ತಾನೇ ಇತರ ಕನ್ಯೆಯರ ತಂಡವೊಂದಕ್ಕೆ ಹಿರಿಯಳಾಗಿದ್ದಳು. ಆಕೆಯನ್ನು ಕಂಡು ಅಣ್ಣ ಸಂತೋಷಪಟ್ಟರು. ನಾಳೆಯ ಚಿಂತೆ ಬೇಡವೆಂಬ ವಾಕ್ಯ ಕೇಳಿ ಹೊರಟ ದಿನ ಅವರ ಕೈಯಲ್ಲಿ ಈ ಮುಕ್ತಾಯದ ಖಾತ್ರಿ ಇರಲಿಲ್ಲ.

356ರಲ್ಲಿ, 105ನೇ ವಯಸ್ಸಿನಲ್ಲಿ, ಅಂತೋಣಿಯವರು ತೀರಿಕೊಂಡರು. ಕಣ್ಣು ಮಂಜಾಗಿರಲಿಲ್ಲ, ಒಂದು ಹಲ್ಲೂ ಬಿದ್ದಿರಲಿಲ್ಲ. ಕೊನೆಯ ಹದಿನೈದು ವರ್ಷ ಸೇವೆ ಮಾಡಿದ ಇಬ್ಬರು ಶಿಷ್ಯರು ಮಾತ್ರ ಹತ್ತಿರವಿದ್ದರು. ಪುಣ್ಯವಂತರ ಹೆಣವನ್ನು ಹೂಳದೆ ಮನೆಯಲ್ಲಿಟ್ಟುಕೊಳ್ಳುವ ಈಜಿಪ್ಟಿನ ರೂಢಿಗೆ ತಮ್ಮ ದೇಹ ಸಿಕ್ಕಬಾರದೆಂದು, ಯಾರಿಗೂ ತಿಳಿಯದ ಕಡೆ ಹೂಳುವಂತೆ ಅವರಿಗೆ ಆಜ್ಞಾಪಿಸಿದರು. ಮೃತ್ಯುಪತ್ರವೂ ಇತ್ತು. ಒಂದು ಕುರಿಚರ್ಮ, ಮತ್ತು ಹಾಸಿಕೊಳ್ಳುತ್ತಿದ್ದ ಹಳೆಯ ಹೊದಿಕೆ ಅಥನಾಸಿಯಸರಿಗೆ; ಆ ಹೊದಿಕೆಯನ್ನು ಹೊಸದಾಗಿದ್ದಾಗ ಕೊಟ್ಟವರೂ ಅಥನಾಸಿಯಸರೇ. ಇನ್ನೊಂದು ಕುರಿಚರ್ಮ ಧರ್ಮಾಧ್ಯಕ್ಷ ಸೆರಾಪಿಯೋನರಿಗೆ. ಕೂದಲಿನ ಉಡುಪು ಶಿಷ್ಯರಿಬ್ಬರಿಗೆ. ಇನ್ನೂರು ಎಕರೆಯ ವಾರಸುದಾರ ಹಂಚಿ ಹೋದ ಆಸ್ತಿ ಇಷ್ಟೇ.

ಅಥನಾಸಿಯಸರು ಬರೆದ ಪುಸ್ತಕ ಲ್ಯಾಟಿನ್ ಭಾಷೆಗೂ ಬಂತು, ಸಮುದ್ರ ದಾಟಿತು. ಮೂವತ್ತು ವರ್ಷಗಳ ನಂತರ, 386ರ ಬೇಸಿಗೆಯಲ್ಲಿ, ಇಟಲಿಯ ಮಿಲಾನ್ ನಗರದ ಒಂದು ಮನೆಗೆ ಪೊಂತಿಸಿಯಾನುಸ್ ಎಂಬ ಅರಮನೆಯ ಅಧಿಕಾರಿ ಬಂದ. ಆ ಮನೆಯಲ್ಲಿದ್ದ ಮೇಷ್ಟ್ರು ಬಹಳ ಓದಿದವರು, ತತ್ವಶಾಸ್ತ್ರ ಬಲ್ಲವರು, ಸತ್ಯ ಯಾವುದೆಂದು ತಿಳಿದೂ ಹಳೆಯ ಬಾಳನ್ನು ಬಿಡಲಾರದೆ ತೊಳಲುತ್ತಿದ್ದವರು. ಮೇಜಿನ ಮೇಲೆ ಪೌಲರ ಪತ್ರಗಳನ್ನು ಕಂಡ ಅತಿಥಿ ಮಾತಿನ ಮಧ್ಯೆ ಅಂತೋಣಿಯವರ ಕಥೆ ಹೇಳಿದ. ಮೇಷ್ಟ್ರು ಆ ಹೆಸರನ್ನೇ ಕೇಳಿರಲಿಲ್ಲ. ಅತಿಥಿ ಹೋದ ಮೇಲೆ ತೋಟಕ್ಕೆ ಓಡಿಹೋಗಿ, ಅಂಜೂರದ ಮರದ ಕೆಳಗೆ ಬಿದ್ದು ಅತ್ತರು. ಪಕ್ಕದ ಮನೆಯಿಂದ, ತೆಗೆದುಕೊಂಡು ಓದು ಎಂದು ಮತ್ತೆಮತ್ತೆ ಹಾಡುವ ಮಗುವಿನ ದನಿ ಕೇಳಿಸಿತು. ಆಗ ಅವರಿಗೆ ನೆನಪಾದದ್ದು, ದೇವಾಲಯದಲ್ಲಿ ಓದಿದ ವಾಕ್ಯವನ್ನು ತನಗೇ ಹೇಳಿದ್ದೆಂದು ತಿಳಿದ ಆ ಈಜಿಪ್ಟಿನ ಯುವಕ. ಎದ್ದು ಬಂದು ಪುಸ್ತಕ ತೆರೆದರು. ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯ ಕಣ್ಣಿಗೆ ಬಿತ್ತು; ಕುಡಿತ, ಕಾಮ, ಕಲಹಗಳನ್ನು ತೊರೆದು ಪ್ರಭು ಯೇಸುಕ್ರಿಸ್ತರನ್ನು ಧರಿಸಿಕೊಳ್ಳಬೇಕೆಂಬ ಭಾಗ. ಮುಂದೆ ಓದಲಿಲ್ಲ, ಬೇಕಾಗಿರಲಿಲ್ಲ. ಆ ಮೇಷ್ಟ್ರು ಸಂತ ಅಗಸ್ಟೀನ್. ಪುಸ್ತಕ ಮುಚ್ಚಿ, ಪಕ್ಕದಲ್ಲಿದ್ದ ಗೆಳೆಯನಿಗೆ ವಿಷಯ ತಿಳಿಸಿ, ಇಬ್ಬರೂ ಮನೆಯೊಳಗೆ ಹೋದರು. ಅಲ್ಲಿ, ಮಗನಿಗಾಗಿ ವರ್ಷಾನುಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದ್ದ ತಾಯಿ ಮೋನಿಕಾ ಇದ್ದರು. ಮೊದಲು ಅವರಿಗೆ ಹೇಳಿದರು.